ಟೇಪ್ ಕತ್ತರಿಸಿದ ಮರುದಿನ ಬಂದವರಿಗೆ

ಮಲೆನಾಡಿನ ನಮ್ಮ ಸೇವಾ ಕ್ಲಬ್ಬಿಗೆ ಈ ಜುಲೈಗೆ ಐವತ್ತು ವರ್ಷ ತುಂಬಿತು. ವೇದಿಕೆಯಲ್ಲಿ ಹೇಳಬೇಕಾದ ಧನ್ಯವಾದವನ್ನೆಲ್ಲ ಹೇಳಿದ್ದಾಗಿದೆ: ಅತಿಥಿಗಳಿಗೆ, ದಾನಿಗಳಿಗೆ, ಸಭಾಂಗಣ ಕೊಟ್ಟವರಿಗೆ, ಅಡುಗೆ ಮಾಡಿ ಬಡಿಸಿದವರಿಗೆ. ಆದರೆ ವಂದನಾರ್ಪಣೆಯ ಐದು ನಿಮಿಷಕ್ಕೆ ಸಿಗದ ಜನ ಬಹಳ ಇದ್ದಾರೆ. ಉದ್ಘಾಟನೆ ಮುಗಿದು, ಶಾಮಿಯಾನ ಬಿಚ್ಚಿ, ಫೋಟೊ ತೆಗೆದವರೂ ಹೋದ ಮೇಲೆ ಬಂದು ಕೆಲಸ ಮಾಡಿದವರು. ಈ ಬರಹ ಅವರಿಗಾಗಿ. ಹೆಸರು ಹಾಕುವುದು ಬೇಡ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಮಾಡಿದ ಕೆಲಸವನ್ನಷ್ಟೇ ಬರೆದಿದ್ದೇವೆ. ಓದಿದರೆ ಯಾರಿಗೆ ಹೇಳಿದ್ದು ಎಂದು ಅವರವರಿಗೆ ತಿಳಿಯುತ್ತದೆ.

ಮೊದಲು ಹಳೆಯ ಅಧ್ಯಕ್ಷರುಗಳಿಗೆ. ಅದರಲ್ಲೂ ಇನ್ನೊಬ್ಬರು ಶುರು ಮಾಡಿದ ಕೆಲಸವನ್ನು ತಮ್ಮದೆಂದು ಮುಗಿಸಿಕೊಟ್ಟವರಿಗೆ. ರೋಟರಿ, ಲಯನ್ಸ್‌ನಂಥ ಸಂಸ್ಥೆಗಳಲ್ಲಿ ಪದಗ್ರಹಣದ ವರ್ಷ ಶುರುವಾಗುವುದೇ ಜುಲೈ 1ಕ್ಕೆ. ಬಯಲುಸೀಮೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಮಲೆನಾಡಿನಲ್ಲಿ ಮಾತ್ರ ಹೊಸ ಅಧ್ಯಕ್ಷರು ಕಾಲರ್ ಹಾಕಿಕೊಳ್ಳುವ ಹೊತ್ತಿಗೆ ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ಸಮಯ. ಮುಂದಿನ ಮೂರು ತಿಂಗಳು ನೆಲ ಅಗೆಯುವಂತಿಲ್ಲ, ಕಾಂಕ್ರೀಟ್ ಹಾಕುವಂತಿಲ್ಲ. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು, ಕೆಲಸಕ್ಕೆ ಒಬ್ಬರೂ ಸಿಗುವುದಿಲ್ಲ. ಹಾಗಾಗಿ ಕಲ್ಲು, ಸಿಮೆಂಟು, ಕಬ್ಬಿಣದ ಕೆಲಸಕ್ಕೆ ಉಳಿಯುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಅಂದರೆ ವರ್ಷದ ಕೊನೆ. ಒಬ್ಬರು ಕಟ್ಟಿದ್ದು ಗಟ್ಟಿಯೋ ಅಲ್ಲವೋ ಎಂದು ಹೊಳೆ ಪರೀಕ್ಷೆ ಮಾಡುವುದು ಮುಂದಿನವರ ಅವಧಿಯಲ್ಲಿ. ಕಿತ್ತುಹೋದರೆ ಬೈಸಿಕೊಳ್ಳುವವರೂ ಅವರೇ, ಉಳಿದುಕೊಂಡರೆ ಫಲಕದಲ್ಲಿ ಹೆಸರು ಹಿಂದಿನವರದು. ಇದನ್ನು ತಿಳಿದೂ ದುರಸ್ತಿ ಖರ್ಚನ್ನು ತಮ್ಮ ಬಜೆಟ್ಟಿನಲ್ಲಿ ಮೊದಲ ಸಾಲಿಗೆ ಬರೆದವರಿಗೆ ಕ್ಲಬ್ಬು ದೊಡ್ಡ ಋಣದಲ್ಲಿದೆ.

1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಮೊದಲ ರೋಟರಿ ಕ್ಲಬ್ಬು ಎರಡು ವರ್ಷದ ಮೇಲೆ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಊರಿಗೆ ಶೌಚಾಲಯ ಮಾಡಿಸಿಕೊಡುವುದು. ಸೇವಾ ಕ್ಲಬ್ಬು ಅನ್ನುವ ಕಲ್ಪನೆಯೇ ಇಂಥ ದಿನಬಳಕೆಯ ಅಗತ್ಯದಿಂದ ಬೆಳೆದದ್ದು. ಮಲೆನಾಡಿನಲ್ಲಿ ಅಂಥ ಅಗತ್ಯಕ್ಕೆ ಒಂದೇ ಒಂದು ಹೆಸರು ಹೇಳಬೇಕೆಂದರೆ ಅದು ಕಾಲುಸಂಕ, ಅಂದರೆ ಹಳ್ಳ ದಾಟುವ ಕಾಲ್ಸೇತುವೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಒಂಟಿಮನೆಗಳಿಗೂ ರಸ್ತೆಗೂ ನಡುವೆ ಒಂದು ಹಳ್ಳ ಇದ್ದೇ ಇರುತ್ತದೆ. ಅದಕ್ಕೆ ಮೂರು ಅಡಿಕೆ ಮರ ಅಡ್ಡ ಹಾಕಿ, ಬಳ್ಳಿಯಲ್ಲಿ ಬಿಗಿದು, ಒಂದು ಬಿದಿರಿನ ಕೈಹಿಡಿ ಕಟ್ಟಿದರೆ ಆ ವರ್ಷದ ಸಂಕ ತಯಾರು. ಮರುವರ್ಷಕ್ಕೆ ಮರದ ತಿರುಳು ಕೊಳೆತು ಟೊಳ್ಳಾಗಿರುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಅಪ್ಪ-ಅಮ್ಮ ಸಂಜೆ ಮಳೆ ಜೋರಾದರೆ ಆ ತುದಿಯಲ್ಲಿ ಬಂದು ನಿಲ್ಲುವುದು ಇದಕ್ಕೇ.

ಕಬ್ಬಿಣದ ಕಾಲುಸಂಕ ಎಂದರೆ ಹಣ ಕೊಟ್ಟರೆ ಆಗಿಬಿಡುವ ಕೆಲಸ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಮೊದಲು ಬೇಕಾದದ್ದು ನೆರೆಯ ಗುರುತು. ಅದನ್ನು ಕೊಟ್ಟವರು ಹಳ್ಳದ ಪಕ್ಕದ ಮನೆಯವರು. ಪುಷ್ಯ ಮಳೆಯಲ್ಲಿ ಹಳ್ಳ ತುಂಬಿ ಕೆಂಪು ನೀರು ಏರಿದಾಗ ಕಂಬಳಿಕೊಪ್ಪೆ ಹೊದ್ದು ಹೋಗಿ ಮರಕ್ಕೆ ಕತ್ತಿಯಲ್ಲಿ ಕಚ್ಚು ಹಾಕಿ ಬಂದವರಿದ್ದಾರೆ. ಆಗ ಹೋಗಲಾಗದಿದ್ದರೆ ಸೆಪ್ಟೆಂಬರಿನಲ್ಲಿ ನೋಡಬೇಕು: ದಂಡೆಯ ಗಿಡಗಳ ಕೊಂಬೆಯಲ್ಲಿ ಬಿದಿರೆಲೆ, ಕಸಕಡ್ಡಿ ಸಿಕ್ಕಿಕೊಂಡು ಒಣಗಿರುತ್ತದೆ, ಅದೇ ನೀರಿನ ಮಟ್ಟ. ಸಂಕವನ್ನು ಹೊರುವ ಕಬ್ಬಿಣದ ತೊಲೆಯ, ಅಂದರೆ ಬೀಮಿನ ಅಡಿಭಾಗ ಆ ಗುರುತಿಗಿಂತ ಕನಿಷ್ಠ ಮೂರು ಅಡಿ ಮೇಲಿರಬೇಕು. ನೀರು ಒಂದೇ ಆದರೆ ಇಷ್ಟು ಬೇಡ. ಬರುವುದು ಬೇರುಸಹಿತ ಕಿತ್ತ ಮರ, ಅದರ ಬೊಡ್ಡೆ ನೀರಿನ ಮೇಲೆ ಎದ್ದಿರುತ್ತದೆ. ಸಂಕಗಳನ್ನು ಕೆಡವುವುದು ಅದು.

ಜಾಗದ ಆಯ್ಕೆಯಲ್ಲೂ ಹಳಬರ ಮಾತು ಕೇಳಿದ್ದು ಒಳ್ಳೆಯದಾಯಿತು. ಹಳ್ಳ ಕಿರಿದಾದ ಕಡೆ ಬೀಮ್ ಗಿಡ್ಡ ಸಾಕು, ಖರ್ಚು ಕಮ್ಮಿ ಅನ್ನಿಸುತ್ತದೆ. ಆದರೆ ಅಲ್ಲೇ ನೀರಿನ ಸೆಳೆತ ಹೆಚ್ಚು. ತಿರುವಿನಲ್ಲಾದರೆ ಹೊರದಂಡೆ ಕೊರೆಯುತ್ತದೆ. ನೇರ ಹರಿವು, ಎರಡೂ ಕಡೆ ಬಂಡೆ ಅಥವಾ ಗಟ್ಟಿ ಜಂಬಿಟ್ಟಿಗೆ ನೆಲ ಸಿಗುವಲ್ಲಿ ನಾಲ್ಕು ಅಡಿ ಉದ್ದ ಹೆಚ್ಚಾದರೂ ಪರವಾಗಿಲ್ಲ. ಅಂಥ ಜಾಗ ಸಾಮಾನ್ಯವಾಗಿ ಯಾರದೋ ತೋಟದೊಳಗೆ ಇರುತ್ತದೆ. ಮೂರಡಿ ದಾರಿ ಬಿಟ್ಟುಕೊಟ್ಟು, ಸ್ಟ್ಯಾಂಪ್ ಪೇಪರಿನಲ್ಲಿ ಒಪ್ಪಿಗೆ ಬರೆದುಕೊಟ್ಟು, ಫಸಲು ಕೊಡುವ ಅಡಿಕೆ ಮರ ಕಡಿಯಲು ಒಪ್ಪಿದ ಜಮೀನುದಾರರಿಗೆ ನಮಸ್ಕಾರ. ತೋಟದವರಿಗೆ ಫಸಲಿಗೆ ಬಂದ ಮರ ಎಂದರೆ ಏನೆಂದು ಮಲೆನಾಡಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿದ ಸದಸ್ಯರಿಗೂ, ಲೆಕ್ಕ ಹಾಕಿ ನಕ್ಷೆಗೆ ಸಹಿ ಮಾಡಿಕೊಟ್ಟು ಒಂದು ರೂಪಾಯಿಯನ್ನೂ ಮುಟ್ಟದ ಎಂಜಿನಿಯರುಗಳಿಗೂ ಇದೇ ನಮಸ್ಕಾರ.

ಎಂಟು ಮೀಟರ್ ಉದ್ದದ ಸಂಕಕ್ಕೆ ಎರಡು ಐ-ಬೀಮ್ ಬೇಕು. 200 ಮಿಲಿಮೀಟರ್ ಎತ್ತರದ್ದು ಭಾರವನ್ನೇನೋ ತಡೆಯುತ್ತದೆ, ಆದರೆ ನಡೆಯುವಾಗ ತೂಗುತ್ತದೆ. ತೂಗುವ ಸಂಕದ ಮೇಲೆ ವಯಸ್ಸಾದವರು ಕಾಲಿಡುವುದಿಲ್ಲ. 250ರದ್ದು ಹಾಕಿದರೆ ಆ ಹೆದರಿಕೆ ಇಲ್ಲ. ಅದರ ತೂಕ ಮೀಟರಿಗೆ ಸುಮಾರು 37 ಕಿಲೋ, ಅಂದರೆ ಒಂದೊಂದು ಬೀಮ್ 300 ಕಿಲೋ ಹತ್ತಿರ. ಲಾರಿ ನಿಲ್ಲುವುದು ಡಾಂಬರು ರಸ್ತೆಯಲ್ಲಿ. ಅಲ್ಲಿಂದ ಗದ್ದೆಯಂಚು, ತೋಟದ ಕಾದಿಗೆ (ನೀರು ಹರಿದುಹೋಗುವ ಕಾಲುವೆ) ದಾಟಿ ಹೊತ್ತು ತರಬೇಕು. ಎರಡು ತುಂಡು ಮಾಡಿ ತಂದು ಅಲ್ಲೇ ವೆಲ್ಡಿಂಗ್ ಮಾಡೋಣ ಎಂಬ ಸಲಹೆ ಪ್ರತಿ ಸಲ ಬರುತ್ತದೆ. ಮಾಡಬಾರದು. ಬಾಗುವ ಬಲ ಅತಿ ಹೆಚ್ಚು ಬೀಳುವುದೇ ನಟ್ಟನಡುವೆ, ಬೆಸುಗೆಯೂ ಅಲ್ಲೇ ಬಂದರೆ ಸಂಕದ ಆಯಸ್ಸು ಆ ಒಂದು ಗೆರೆಯ ಮೇಲೆ ನಿಂತಂತೆ. ಆದ್ದರಿಂದ ಇಡೀ ಬೀಮನ್ನೇ ಹೊರಬೇಕು: ಅಡ್ಡಕ್ಕೆ ಆರು ಬೊಂಬು, ಒಂದೊಂದಕ್ಕೆ ಇಬ್ಬರು, ಒಟ್ಟು ಹನ್ನೆರಡು ಜನ. ಹೆಗಲ ಮೇಲೆ ಮಡಿಚಿದ ಗೋಣಿಚೀಲ. ಮುಂದಿನವರು "ಕಾದಿಗೆ ಬಂತು" ಎಂದು ಕೂಗಿದರೆ ಹಿಂದಿನವರು ಹೆಜ್ಜೆ ಗಿಡ್ಡ ಮಾಡಬೇಕು, ಎಲ್ಲರೂ ಒಂದೇ ಕಾಲು ಎತ್ತಬೇಕು. ಒಬ್ಬರು ಜಾರಿದರೆ ಉಳಿದ ಹನ್ನೊಂದು ಜನಕ್ಕೂ ಅಪಾಯ. ಈ ಬೀಮ್‌ಗಳನ್ನು ಹೊತ್ತ ಹೆಗಲುಗಳಲ್ಲಿ ಕ್ಲಬ್ಬಿನ ಸದಸ್ಯರವು ಕಡಿಮೆ, ಊರಿನ ಯುವಕ ಸಂಘದವರವು ಹೆಚ್ಚು. ಇದನ್ನು ಬಹಿರಂಗವಾಗಿ ಹೇಳಲೇಬೇಕು.

ವೆಲ್ಡಿಂಗ್ ಮಾಡಿದವರಿಂದ ಕಲಿತದ್ದು ಬಹಳ. ಬೀಮಿನ ಒಂದು ತುದಿ ಮಾತ್ರ ಬಿಗಿ, ಇನ್ನೊಂದು ತುದಿಯ ಬೋಲ್ಟಿಗೆ ಉದ್ದನೆಯ ತೂತು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಎಂಟು ಮೀಟರ್ ಕಬ್ಬಿಣ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ, ಜಾಗ ಕೊಡದಿದ್ದರೆ ಕಾಂಕ್ರೀಟು ಸೀಳುತ್ತದೆ. ಕೈಹಿಡಿಯನ್ನು ಬೆಸೆಯದೆ ಬೋಲ್ಟಿನಲ್ಲಿ ಕೂರಿಸಬೇಕು. ಮರ ಬಂದು ಬಡಿದಾಗ ಕೈಹಿಡಿ ಕಳಚಿಹೋದರೆ ಸಂಕ ಉಳಿಯುತ್ತದೆ, ಕಳಚದಿದ್ದರೆ ಅದರಲ್ಲಿ ಕಸ ಸಿಕ್ಕಿ ಅಣೆಕಟ್ಟಿನಂತಾಗಿ ಬೀಮನ್ನೂ ಎಳೆದೊಯ್ಯುತ್ತದೆ. ಸಣ್ಣ ಮಕ್ಕಳಿಗಾಗಿ ಮೊಣಕಾಲೆತ್ತರಕ್ಕೆ ಇನ್ನೊಂದು ಸರಳು ಬೇಕೇಬೇಕು. ತುಳಿಯುವ ತಗಡಿನದು ಬೇರೆಯದೇ ಸಮಸ್ಯೆ. ಉಬ್ಬುಗೆರೆಯ ಚೆಕ್ಕರ್ಡ್ ಪ್ಲೇಟ್ ಐದು ಮಿಲಿಮೀಟರಿನದು ಗಟ್ಟಿ, ಆದರೆ ಆಶ್ಲೇಷ ಮಳೆಯ ಹೊತ್ತಿಗೆ ಪಾಚಿ ಹತ್ತಿ ಸಾಬೂನಿನಂತಾಗುತ್ತದೆ. ಜಾಲರಿ ಹಾಕಿದರೆ ಪಾಚಿ ಕಮ್ಮಿ, ಆದರೆ ಕೆಳಗೆ ನೀರು ಕಾಣುವ ಜಾಲರಿಯ ಮೇಲೆ ದನ ಹೆಜ್ಜೆ ಇಡುವುದಿಲ್ಲ. ಪ್ಲೇಟಿಗೇ ಅಲ್ಲಲ್ಲಿ ತೂತು ಹಾಕಿ, ನೀರು ನಿಲ್ಲದಂತೆ ಒಂದು ಕಡೆಗೆ ತುಸು ಇಳಿಜಾರು ಕೊಡುವುದೇ ಸದ್ಯಕ್ಕೆ ಉತ್ತಮ.

ಸಂಕ ಗಟ್ಟಿಯಾಗಿದ್ದೂ ಬಳಕೆ ತಪ್ಪುವುದು ಒಂದೇ ಕಾರಣಕ್ಕೆ: ಬೀಮ್ ಕೂರುವ ಕಾಂಕ್ರೀಟ್ ಪೀಠದ ಹಿಂದಿನ ಮಣ್ಣು. ಬೀಮ್ ಅಲ್ಲೇ ಇರುತ್ತದೆ, ಅದನ್ನು ಹತ್ತುವ ದಾರಿ ಕೊಚ್ಚಿಹೋಗಿರುತ್ತದೆ. ಎರಡೂ ಕಡೆ ಕಲ್ಲಿನ ರೆಕ್ಕೆಗೋಡೆ, ಅದರ ಬುಡಕ್ಕೆ ದೊಡ್ಡ ಕಲ್ಲು ಜೋಡಣೆ, ಮೇಲಿನ ನೀರು ದಾರಿಗೆ ಬಾರದಂತೆ ಸಣ್ಣ ಚರಂಡಿ. ನಮ್ಮ ಮೊದಮೊದಲ ಅಂದಾಜುಪಟ್ಟಿಗಳಲ್ಲಿ ಇದಕ್ಕೆ ಹಣವೇ ಇಟ್ಟಿರಲಿಲ್ಲ. ಆ ಕೊರತೆಯನ್ನು ಶ್ರಮದಾನದಲ್ಲಿ ತುಂಬಿಕೊಟ್ಟವರು ಸ್ತ್ರೀಶಕ್ತಿ ಸಂಘದ ಮಹಿಳೆಯರು. ಹಳ್ಳದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಜೋಡಿಸಿದರು. ಕಾಂಕ್ರೀಟಿಗೆ ದಿನಕ್ಕೆ ಮೂರು ಹೊತ್ತು ನೀರುಣಿಸಿದವರೂ ಅವರೇ. ಕನಿಷ್ಠ ಏಳು ದಿನ ಒದ್ದೆ ಗೋಣಿ ಮುಚ್ಚಿಟ್ಟಿರಬೇಕು, ಪೂರ್ತಿ ಬಲ ಬರಲು 28 ದಿನ. ಏಪ್ರಿಲ್ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಮರೆತರೆ ಮೇಲ್ಮೈ ಬಿರುಕು ಬಿಡುತ್ತದೆ. ಒಂದು ದಿನವೂ ಮರೆಯಲಿಲ್ಲ.

ಉಳಿದ ಕೆಲಸಗಳನ್ನು ಇಷ್ಟು ವಿವರವಾಗಿ ಬರೆಯಲು ಇಲ್ಲಿ ಜಾಗವಿಲ್ಲ, ಆದರೆ ಕೆಲವರನ್ನು ಬಿಡುವಂತಿಲ್ಲ. 1995ರ ಡಿಸೆಂಬರಿನಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಶರಾವತಿ ಹಿನ್ನೀರಿನ ಆಚೆಗೆ ಲಸಿಕೆಯ ಪೆಟ್ಟಿಗೆ ಹೋದದ್ದು ಲಾಂಚಿನಲ್ಲಿ. ಸಿಗಂದೂರು ಸೇತುವೆ ಬಂದದ್ದು 2025ರ ಜುಲೈನಲ್ಲಿ. ಅದಕ್ಕೂ ಮುಂಚಿನ ಅಷ್ಟೂ ವರ್ಷ ಲಾಂಚ್ ಸಿಬ್ಬಂದಿ ಆ ಪೆಟ್ಟಿಗೆಗೆ ನೆರಳಿನ ಜಾಗ ಹುಡುಕಿ ಇಟ್ಟುಕೊಟ್ಟರು. ನಾಲ್ಕು ಐಸ್ ಪ್ಯಾಕಿನ ಪುಟ್ಟ ಪೆಟ್ಟಿಗೆ ಅದು, ಬಿಸಿಲಿಗಿಟ್ಟರೆ ಲಸಿಕೆ ಕೆಟ್ಟಂತೆ. 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಾಗ ಅದರಲ್ಲಿ ಅವರ ಪಾಲೂ ಇತ್ತು. ಮನೆಮನೆ ತಿರುಗಿ ಎಡಗೈ ಕಿರುಬೆರಳಿಗೆ ಶಾಯಿ ಹಾಕಿದ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಪಾಲು ಅದಕ್ಕಿಂತ ದೊಡ್ಡದು.

ಮಂಗನ ಕಾಯಿಲೆಯ ತಿಂಗಳುಗಳಲ್ಲೂ ನಮ್ಮ ಕೈ ಹಿಡಿದವರು ಅವರೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಈ ಜ್ವರ ಇಂದಿಗೂ ಚಳಿಗಾಲದಿಂದ ಮುಂಗಾರಿನವರೆಗೆ ಕಾಡುತ್ತದೆ. ಇದನ್ನು ಹರಡುವ ಉಣುಗು ಕಚ್ಚುವುದು ಹೆಚ್ಚಾಗಿ ದರಗು (ಉದುರಿದ ಒಣ ಎಲೆ) ಗುಡಿಸಿ ತರಲು, ಸೌದೆ ತರಲು ಹೋದಾಗ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಸೀಸೆ ಹಂಚುವುದು ಸುಲಭ, ಹಚ್ಚಿಸುವುದು ಕಷ್ಟ. ಕಾಡಿಗೆ ಹೊರಡುವ ಮೊದಲೇ ಕೈಕಾಲಿಗೆ, ಕುತ್ತಿಗೆಗೆ ಹಚ್ಚಬೇಕು, ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಯಾಕೆಂದರೆ ದೇಹ ತಣ್ಣಗಾದ ಮೇಲೆ ಉಣುಗು ಇಳಿದು ಸುತ್ತಲಿನ ನೆಲ ಸೇರುತ್ತವೆ. ಇದನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದವರಿಗೆ ವಂದನೆ.

ರಕ್ತದಾನಿಗಳಲ್ಲಿ ವಿಶೇಷವಾಗಿ, "ಇವತ್ತು ಬೇಡ, ಕರೆದಾಗ ಬನ್ನಿ" ಎಂದಾಗ ಬೇಸರಿಸದವರಿಗೆ. ಆಗಸ್ಟ್ 15ಕ್ಕೆ ಎಲ್ಲ ಕಡೆ ಶಿಬಿರ ಇಟ್ಟರೆ ರಕ್ತ ಒಮ್ಮೆಗೇ ಗುಡ್ಡೆ ಬೀಳುತ್ತದೆ. ಸಾಮಾನ್ಯ ಚೀಲದಲ್ಲಿ ಅದು 35 ದಿನ ಬಾಳುತ್ತದೆ, ಡೆಂಗ್ಯೂಗೆ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ. ಕೊಟ್ಟ ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ಪಟ್ಟಿ ಮಾಡಿಕೊಂಡು ಸರದಿಯಲ್ಲಿ ಕರೆಯುವ ಪದ್ಧತಿ ನಿಂತಿರುವುದು ನಿಮ್ಮ ತಾಳ್ಮೆಯ ಮೇಲೆ.

ನೇತ್ರದಾನಕ್ಕೆ ಒಪ್ಪಿದ ಕುಟುಂಬಗಳಿಗೆ ಏನು ಹೇಳಿದರೂ ಕಡಿಮೆ. ಸಾವಾದ ಆರು ಗಂಟೆಯೊಳಗೆ ತಂಡ ಬಂದು ಮುಟ್ಟಬೇಕು. ಮಳೆಗಾಲದ ರಾತ್ರಿ, ಮೊಬೈಲಿಗೆ ಸಿಗ್ನಲ್ ಇಲ್ಲ, ದಾರಿಗೆ ಮರ ಬಿದ್ದಿದೆ. ಅಂಥ ಹೊತ್ತಿನಲ್ಲೂ ಮನೆಯವರೊಬ್ಬರು ಎದ್ದು ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟು, ಗುಡ್ಡ ಹತ್ತಿ ಫೋನ್ ಮಾಡಿದ್ದಾರೆ. ಕತ್ತಿ ಹಿಡಿದು ದಾರಿಯ ಮರ ಕಡಿಯಲು ಹೊರಟ ನೆರೆಮನೆಯವರನ್ನೂ ಇಲ್ಲಿ ನೆನೆಯುತ್ತೇವೆ.

ಕೊನೆಯದಾಗಿ, ಪ್ರತಿ ಮೇ ತಿಂಗಳಲ್ಲಿ ಸಂಕಗಳಿಗೆ ಬಣ್ಣ ಹೊಡೆಯುವವರಿಗೆ. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಪ್ರೈಮರ್ ಒಂದು ಕೋಟು, ಬಣ್ಣ ಎರಡು ಕೋಟು, ಬೋಲ್ಟುಗಳಿಗೆ ಗ್ರೀಸು. ಮೇಲ್ಭಾಗ ಎಲ್ಲರೂ ಹೊಡೆಯುತ್ತಾರೆ. ತುಕ್ಕು ಹಿಡಿಯುವುದು ಕೆಳಗೆ, ಬೀಮಿನ ಅಡಿಯ ಚಾಚಿನ ಮೇಲೆ ದರಗು ಬಿದ್ದು ಕೊಳೆಯುವಲ್ಲಿ. ಅದಕ್ಕೆ ಹಳ್ಳಕ್ಕಿಳಿದು, ಮಂಡಿಯುದ್ದ ನೀರಿನಲ್ಲಿ ನಿಂತು, ತಲೆಯೆತ್ತಿ ಕೆರೆಯಬೇಕು. ಬಣ್ಣದ ಡಬ್ಬಿ ಮತ್ತು ಬ್ರಷ್ಷು ಈಗ ಸಂಕದ ಪಕ್ಕದ ಮನೆಗಳ ಕೊಟ್ಟಿಗೆಯ ಅಟ್ಟದಲ್ಲೇ ಇರುತ್ತವೆ. ಕ್ಲಬ್ಬಿನವರು ಬರುವುದು ತಡವಾದ ವರ್ಷಗಳಲ್ಲಿ ಆ ಮನೆಯವರೇ ಬಣ್ಣ ಹೊಡೆದು ಮುಗಿಸಿದ್ದಾರೆ, ಮರದ ಮೇಲಿನ ನೆರೆಯ ಗುರುತಿಗೂ ಹೊಸದಾಗಿ ಸುಣ್ಣ ಬಳಿದಿದ್ದಾರೆ.