ಮಹಡಿಯ ಕೀಲಿಕೈ ಕೊಟ್ಟವರಿಗೆ

ಹಾಸನದ ನಮ್ಮ ಕಾಲೇಜಿನ ಖಗೋಳ ಕ್ಲಬ್ಬಿಗೆ 2024ರ ಸೆಪ್ಟೆಂಬರಿಗೆ ಐದು ವರ್ಷ ತುಂಬಿತು. ಅದನ್ನು ಆರಂಭಿಸಿದ ಆರು ಮಂದಿಯಲ್ಲಿ ನಾನೂ ಒಬ್ಬಳು. ಬಿ.ಎಸ್ಸಿ. ಎರಡನೇ ವರ್ಷದಿಂದ ಎಂ.ಎಸ್ಸಿ. ಮುಗಿಯುವವರೆಗೂ ಅದರ ಜೊತೆಗಿದ್ದು, ಈಗ ಕೆಲಸಕ್ಕಾಗಿ ಊರು ಬಿಡುತ್ತಿರುವ ಹೊತ್ತಿನಲ್ಲಿ, ಕೆಲವರ ಉಪಕಾರವನ್ನು ಹೆಸರು ಹೇಳದಿದ್ದರೂ ನಾಲ್ಕು ಜನರ ಎದುರಿಗೆ ನೆನೆಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಐದನೇ ವರ್ಷದ ಕಾರ್ಯಕ್ರಮದಲ್ಲಿ ವೇದಿಕೆಗೆ ಕರೆದು ನಮಗೆ ಶಾಲು ಹೊದಿಸಿದರು. ಆ ಶಾಲಿಗೆ ನಮಗಿಂತ ಹೆಚ್ಚು ಅರ್ಹರಾದವರು ಅಂದು ಸಭಾಂಗಣದ ಬಾಗಿಲ ಬಳಿ ನಿಂತಿದ್ದರು. ಕೆಲವರು ಅಲ್ಲಿಗೆ ಬಂದಿರಲೂ ಇಲ್ಲ.

ಮೊದಲು ನೆನೆಯಬೇಕಾದವರು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಮೇಡಂ. 2019ರ ಸೆಪ್ಟೆಂಬರ್ 6ರ ರಾತ್ರಿ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ನೋಡಬೇಕೆಂದು ನಾವು ಕೇಳಿಕೊಂಡಾಗ, ಹತ್ತು ಗಂಟೆಗೆ ಬೀಗ ಬೀಳುತ್ತಿದ್ದ ಟಿ.ವಿ. ಕೋಣೆಯನ್ನು ಅವರು ತೆರೆದಿಟ್ಟರು. ತಾವೂ ಸ್ವೆಟರ್ ಹಾಕಿಕೊಂಡು ಬಂದು ನಡುರಾತ್ರಿ ಎರಡು ಗಂಟೆ ದಾಟುವವರೆಗೆ ನಮ್ಮ ನಡುವೆ ಕುಳಿತರು. ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಾಗಿತ್ತು, ಆಮೇಲೆ ಸಂಪರ್ಕ ಕಡಿದುಹೋಯಿತು ಎಂಬ ಮಾತು ಪರದೆಯ ಮೇಲೆ ಕೇಳಿದಾಗ ಕೋಣೆಯಲ್ಲಿ ಯಾರಿಗೂ ಎದ್ದುಹೋಗಲು ಮನಸ್ಸಾಗಲಿಲ್ಲ. "ಈಗ ಮಲಗಿ, ಬೆಳಿಗ್ಗೆ ಮಾತಾಡೋಣ" ಎಂದರು ಮೇಡಂ. ಬೆಳಿಗ್ಗೆ ನಾವು ನಿಜವಾಗಿಯೂ ಮಾತಾಡಿದೆವು. ಸೋಮವಾರ ಕ್ಲಬ್ ಆರಂಭಿಸಲು ಅನುಮತಿ ಕೇಳಿ ಪ್ರಾಂಶುಪಾಲರ ಕೊಠಡಿಗೆ ಅರ್ಜಿ ಹಿಡಿದು ಹೋದೆವು.

ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಸಂಜೆ ಕತ್ತಲಾದ ಮೇಲೆ ವಿದ್ಯಾರ್ಥಿಗಳು ಮಹಡಿಯ ಮೇಲಿದ್ದರೆ ಜವಾಬ್ದಾರಿ ಯಾರದು, ಹಣ ಯಾರ ಕೈಯಲ್ಲಿರುತ್ತದೆ, ನೀವು ಪಾಸಾಗಿ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಬೇಸರವಾಗಿದ್ದು ನಿಜ. ಆದರೆ ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ನಮ್ಮ ನಿಯಮಾವಳಿ ತಯಾರಾಯಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ, ಮತ್ತು ಕೇಳಿದವರಿಗೆ ಮನಸಾರೆ ವಂದಿಸುತ್ತೇನೆ. ಮೂರನೇ ಅರ್ಜಿಯ ಕೆಳಗೆ ಭೌತಶಾಸ್ತ್ರ ವಿಭಾಗದ ಮೇಡಂ "ಜವಾಬ್ದಾರಿ ನನ್ನದು" ಎಂದು ಬರೆದು ಸಹಿ ಹಾಕಿದರು. ಆಗ ಅವರ ಮಗುವಿಗೆ ಇನ್ನೂ ಎರಡು ವರ್ಷ. ಆಕಾಶ ವೀಕ್ಷಣೆ ಇದ್ದ ಸಂಜೆಗಳಲ್ಲಿ ಅವರು ಮನೆ ತಲುಪುವಾಗ ಎಷ್ಟು ಹೊತ್ತಾಗುತ್ತಿತ್ತು ಎಂಬುದನ್ನು ನಾವು ಆಗ ಲೆಕ್ಕ ಹಾಕಿರಲಿಲ್ಲ.

ಅನುಮತಿ ಸಿಕ್ಕಿತು, ಆದರೆ ಕೈಯಲ್ಲಿ ದೂರದರ್ಶಕವಿರಲಿಲ್ಲ. ಹಾಗಾಗಿ ನಮ್ಮ ಮೊದಲ ದೊಡ್ಡ ಕಾರ್ಯಕ್ರಮ ನಡೆದದ್ದು ಹಾಸ್ಟೆಲಿನ ಅಡುಗೆಮನೆಯ ಒಂದು ಸಾಮಾನಿನಿಂದ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲಿ ಕೊಡಗಿನ ದಕ್ಷಿಣದ ಅಂಚಿನವರಿಗೆ ಬಳೆಯಂತೆ ಕಂಡ ಸೂರ್ಯ ನಮಗೆ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಕುಡುಗೋಲಿನಂತೆ ಕಂಡ. ಗ್ರಹಣದ ಕನ್ನಡಕ ಇದ್ದದ್ದು ಹತ್ತೇ, ಮೈದಾನದಲ್ಲಿ ಸೇರಿದವರು ಇನ್ನೂರಕ್ಕೂ ಹೆಚ್ಚು. ಸಾಲು ಮುಂದಕ್ಕೆ ಸಾಗುತ್ತಲೇ ಇರಲಿಲ್ಲ. ಗ್ರಹಣ ಹಿಡಿದಿರುವಾಗ ಒಲೆ ಹಚ್ಚುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದ ಅಡುಗೆಯ ಅಮ್ಮ, ನಾವು ಓಡಿಹೋಗಿ ಕೇಳಿದಾಗ ಒಂದು ಕ್ಷಣ ಯೋಚಿಸಿ, ಪೂರಿ ಕರಿಯುವ ಜಾಲರಿ ಸೌಟನ್ನು ತಂದುಕೊಟ್ಟರು. ಅದನ್ನು ಬಿಸಿಲಿಗೆ ಹಿಡಿದರೆ ಒಂದೊಂದು ತೂತೂ ನೆಲದ ಮೇಲೆ ಒಂದೊಂದು ಪುಟ್ಟ ಕುಡುಗೋಲು ಸೂರ್ಯನನ್ನು ಮೂಡಿಸಿತು. ಹೊಂಗೆ ಮರದ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನಲ್ಲೂ ಅದೇ ಆಕಾರ ನೂರಾರು ಕಡೆ ಇತ್ತು. ಅಡುಗೆಯ ಅಮ್ಮ ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದವರು, ಸೂರ್ಯನ ಕಡೆ ತಲೆಯೆತ್ತದೆ, ತಮ್ಮದೇ ಸೌಟಿನ ನೆರಳನ್ನು ಬಹಳ ಹೊತ್ತು ನೋಡಿದರು. ಗ್ರಹಣ ಬಿಟ್ಟು, ಸ್ನಾನ ಮಾಡಿ, ಅಷ್ಟೂ ಜನರಿಗೆ ಉಪ್ಪಿಟ್ಟು ಮಾಡಿ ಬಡಿಸಿದರು. ಅಮ್ಮ, ಆ ದಿನ ಕ್ಲಬ್ಬಿಗೆ ಸೇರಲು ಹೆಸರು ಕೊಟ್ಟ ಅರವತ್ತು ಮಂದಿಯನ್ನು ಕರೆತಂದದ್ದು ನಿಮ್ಮ ಸೌಟು.

ಸದಸ್ಯತ್ವದ ಇಪ್ಪತ್ತು ಇಪ್ಪತ್ತು ರೂಪಾಯಿ, ಅಧ್ಯಾಪಕರ ವಂತಿಗೆ, ಹಳೆಯ ವಿದ್ಯಾರ್ಥಿಗಳು ಕಳಿಸಿದ ಹಣ ಎಲ್ಲ ಸೇರಿದರೂ ಸಿದ್ಧ ದೂರದರ್ಶಕ ಕೊಳ್ಳುವಷ್ಟಾಗಲಿಲ್ಲ. ಆರು ಇಂಚಿನ, 1200 ಮಿಲಿಮೀಟರ್ ನಾಭಿದೂರದ ಕನ್ನಡಿಯನ್ನೂ ಎರಡು ಕಣ್ಣುಮಸೂರಗಳನ್ನೂ ಮಾತ್ರ ತರಿಸಿ, ಉಳಿದದ್ದನ್ನು ಇಲ್ಲೇ ಮಾಡಿಸಿದೆವು. ನಳಿಗೆ ಎಂದರೆ ಅಗಲವಾದ ಒಂದು ಪಿವಿಸಿ ಪೈಪು. ಅದು ಕೂರುವ ಪ್ಲೈವುಡ್ ಪೆಟ್ಟಿಗೆಯನ್ನು ಮಾಡಿಕೊಟ್ಟವರು ಕಾಲೇಜಿನ ಹಿಂದಿನ ರಸ್ತೆಯ ಬಡಗಿ ಅಣ್ಣ. ನಳಿಗೆಯನ್ನು ಎಲ್ಲಿ ಹಿಡಿದರೆ ಅದು ಮೇಲಕ್ಕೂ ಕೆಳಕ್ಕೂ ಜಾರದೆ ನಿಲ್ಲುತ್ತದೆ ಎಂದು ನಾವು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರೆ, ಅವರು ಕನ್ನಡಿಯ ತೂಕಕ್ಕೆ ಸಮನಾದ ಮರದ ತುಂಡೊಂದನ್ನು ಪೈಪಿನ ತುದಿಗೆ ಕಟ್ಟಿ, ಪೈಪನ್ನು ಒಂದು ರೀಪರಿನ ಮೇಲಿಟ್ಟು ಆಚೀಚೆ ಸರಿಸಿ, ಅದು ಅಲುಗದೆ ನಿಂತ ಜಾಗದಲ್ಲಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೆರೆ ಎಳೆದರು. ನಮ್ಮ ಲೆಕ್ಕ ಮುಗಿದಾಗ ಬಂದ ಉತ್ತರ ಆ ಗೆರೆಯಿಂದ ಅರ್ಧ ಇಂಚು ಆಚೆ ಇತ್ತು. ಗೆರೆಯೇ ಸರಿ ಎಂದು ತೀರ್ಮಾನಿಸಿದೆವು. ಇಂದಿಗೂ ದೂರದರ್ಶಕ ಅದೇ ಗೆರೆಯ ಮೇಲೆ ತೂಗುತ್ತಿದೆ. ಮರದ ದುಡ್ಡು ಬಿಟ್ಟು ಒಂದು ಪೈಸೆ ಕೂಲಿಯನ್ನೂ ಅವರು ತೆಗೆದುಕೊಳ್ಳಲಿಲ್ಲ.

2020ರ ಫೆಬ್ರವರಿಯಲ್ಲಿ ಅದರಲ್ಲಿ ಚಂದ್ರನನ್ನು ನೋಡಿದೆವು. ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಪ್ರಯೋಗಾಲಯದ ಬೀರುವಿನಲ್ಲಿ ಸಿಕ್ಕಿಬಿದ್ದ ಕನ್ನಡಿಗೆ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವುದು ಖಂಡಿತವೆಂದುಕೊಂಡು ನಾನು ಮನೆಯಲ್ಲಿ ಕೊರಗುತ್ತಿದ್ದೆ. ನವೆಂಬರಿನಲ್ಲಿ ಅಂತಿಮ ವರ್ಷದವರಿಗೆ ಕಾಲೇಜು ತೆರೆದಾಗ ಬೀರು ತೆಗೆದು ನೋಡಿದರೆ ಕನ್ನಡಿ ಹೊಸದರಂತೆಯೇ ಇತ್ತು. ನಮ್ಮ ಅಟೆಂಡರ್ ಅಣ್ಣ ವಾರಕ್ಕೊಮ್ಮೆ ಬಂದು, ಪೆಟ್ಟಿಗೆಯನ್ನು ಒಂದು ಗಂಟೆ ಬಿಸಿಲು ಬೀಳದ ಗಾಳಿಯಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಣಗಿಸಿ ಮತ್ತೆ ಒಳಗಿಡುತ್ತಿದ್ದರಂತೆ. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ವರ್ಷದ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಬಂದು, ಒಂದೇ ನೋಟದಲ್ಲಿ ಗುರುವಿನ ಚಂದ್ರರೂ ಶನಿಯ ಬಳೆಯೂ ಕಂಡವು. 1623ರ ನಂತರ ಅವು ಅಷ್ಟು ಸಮೀಪ ಬಂದದ್ದು ಅದೇ ಮೊದಲು. ಮಾಸ್ಕ್ ಹಾಕಿಕೊಂಡು, ಬಿಳಿ ಬಣ್ಣದ ವೃತ್ತಗಳಲ್ಲಿ ದೂರ ದೂರ ನಿಂತು, ಒಬ್ಬೊಬ್ಬರಾಗಿ ನೋಡಿದೆವು. ಮಹಡಿಯ ಕೀಲಿಕೈ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ ಅಟೆಂಡರ್ ಅಣ್ಣನನ್ನು ಎಲ್ಲರಿಗಿಂತ ಮೊದಲು ಕರೆದು ತೋರಿಸಿದೆವು ಎಂಬುದು ನನಗೆ ಇಂದಿಗೂ ಸಮಾಧಾನದ ಸಂಗತಿ.

ಇನ್ನೊಬ್ಬರನ್ನು ವಿಶೇಷವಾಗಿ ನೆನೆಯಬೇಕು. 2022ರಲ್ಲಿ ಮೊದಲ ವರ್ಷದ ಬಿ.ಎಸ್ಸಿ.ಯಲ್ಲಿದ್ದ ಹುಡುಗಿಯೊಬ್ಬಳು ಸದಸ್ಯತ್ವದ ರಸೀದಿ ಹರಿಯುತ್ತಿದ್ದ ನನ್ನನ್ನು, "ಅಕ್ಕ, ನಾಲ್ಕೂವರೆ ಬಸ್ಸಿಗೆ ಹೋಗೋರಿಗೆ ನಿಮ್ಮ ಕ್ಲಬ್ಬಲ್ಲಿ ಏನಿದೆ?" ಎಂದು ಕೇಳಿದಳು. ನಮ್ಮ ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಮಂದಿ ಸುತ್ತಲಿನ ಹಳ್ಳಿಗಳಿಂದ ಬಸ್ ಪಾಸಿನಲ್ಲಿ ಬಂದುಹೋಗುವವರು. ಮೂರು ವರ್ಷ ನಾವು ನಡೆಸಿದ್ದು ಹಾಸ್ಟೆಲಿನವರ ಮತ್ತು ಪೇಟೆಯವರ ಕ್ಲಬ್ಬನ್ನು. ಆ ಪ್ರಶ್ನೆಯ ನಂತರ ಹಗಲಿನ ಕಾರ್ಯಕ್ರಮಗಳು ಬಂದವು: ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಕಲೆಗಳನ್ನು ಎಣಿಸುವುದು, ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನ 12:25ರ ಸುಮಾರಿಗೆ ಅಂಗಳದಲ್ಲಿ ನೀರಿನ ಲೋಟ ಇಟ್ಟು ಅದರ ನೆರಳು ಪೂರ್ತಿ ಮಾಯವಾಗುವುದನ್ನು ನೋಡುವುದು. ಈಗ ನಮ್ಮ ಸದಸ್ಯರಲ್ಲಿ ಬಸ್ಸಿನವರೇ ಹೆಚ್ಚು. ಆ ಹುಡುಗಿ ಮುಂದೆ ಕಾರ್ಯದರ್ಶಿಯಾದಳು. ಹಿಂದಿನ ತಂಡ ಪಾಸಾಗಿ ಹೋದಾಗ ನಡಾವಳಿ ಪುಸ್ತಕವೂ ಬೀರುವಿನ ಕೀಲಿಯೂ ಎಲ್ಲಿವೆಯೆಂದು ಯಾರಿಗೂ ತಿಳಿಯದೆ ಒಂದಿಡೀ ಸೆಮಿಸ್ಟರ್ ಕ್ಲಬ್ ಮುಚ್ಚಿದಂತಾಗಿತ್ತು. ಅದು ಮರುಕಳಿಸಬಾರದೆಂದು ಪದಾಧಿಕಾರಿಗಳ ಆಯ್ಕೆಯನ್ನು ವರ್ಷದ ಕೊನೆಯಿಂದ ಜನವರಿಗೆ ತಂದು, ಹಳಬರೂ ಹೊಸಬರೂ ನಾಲ್ಕು ತಿಂಗಳು ಜೊತೆಯಲ್ಲೇ ಕೆಲಸ ಮಾಡುವಂತೆ ಮಾಡಿದವಳು ಅವಳೇ. ನಾವು ಆರು ಮಂದಿ ಕ್ಲಬ್ಬನ್ನು ಹುಟ್ಟಿಸಿದೆವು ನಿಜ, ಅದು ಬಾಳುವಂತೆ ಮಾಡಿದವಳು ಅವಳು ಎಂದು ನಾನು ನಂಬಿದ್ದೇನೆ.

ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ಮೋಡ ಕವಿದು ಆಕಾಶವೇ ಕಾಣದ ಮಳೆಗಾಲದ ತಿಂಗಳುಗಳಲ್ಲಿ ಆಟೋ ಬಾಡಿಗೆಯನ್ನೂ ತೆಗೆದುಕೊಳ್ಳದೆ ಬಂದು ನಮಗೆ ಪಾಠ ಹೇಳಿದರು. ಅಲ್ಲಿನ ದೊಡ್ಡ ಆಂಟೆನಾಗಳು ಸದಾ ಒಂದೇ ಕಡೆ ಏಕೆ ಮುಖ ಮಾಡಿರುತ್ತವೆ, 35,786 ಕಿಲೋಮೀಟರ್ ಎತ್ತರದ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತ ನಮ್ಮ ಕಣ್ಣಿಗೆ ಹೇಗೆ ನಿಂತಲ್ಲೇ ನಿಂತಂತಿರುತ್ತದೆ ಎಂಬುದನ್ನು ಅವರಿಂದ ಕೇಳಿದ ಮೇಲೆ, ಬಸ್ಸಿನ ಕಿಟಕಿಯಿಂದ ನೋಡುತ್ತ ಬೆಳೆದ ಆ ಬಿಳಿ ತಟ್ಟೆಗಳು ನಮಗೆ ಬೇರೆಯಾಗಿಯೇ ಕಂಡವು. 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ಚಂದ್ರಯಾನ-3 ಇಳಿದಾಗ ಅವರು ನಮ್ಮ ಸಭಾಂಗಣದ ಮೊದಲ ಸಾಲಿನಲ್ಲಿದ್ದರು. ಅವರು ಕಣ್ಣೊರೆಸಿಕೊಂಡದ್ದನ್ನು ಕಂಡವರು ಅದನ್ನು ಮರೆಯಲಾರರು.

ಕೊನೆಯ ಮಾತು ಮತ್ತೆ ವಾರ್ಡನ್ ಮೇಡಂ ಅವರಿಗೆ. ವೀಕ್ಷಣೆ ಇದ್ದ ಪ್ರತಿ ಸಂಜೆ, ಏಳು ಗಂಟೆಗೆ ಮುಚ್ಚಬೇಕಾದ ಗೇಟನ್ನು ನಮಗಾಗಿ ತೆರೆದಿಟ್ಟು, ಅದರ ಪಕ್ಕ ಕುರ್ಚಿ ಹಾಕಿಕೊಂಡು, ಕೊನೆಯ ಹುಡುಗಿ ಒಳಗೆ ಬರುವವರೆಗೆ ನೀವು ಕಾದಿರಿ. ಐದು ವರ್ಷದಲ್ಲಿ ಒಂದು ಸಲವೂ ಮಹಡಿ ಹತ್ತಿ ಬರಲು ನಿಮಗೆ ಆಗಲಿಲ್ಲ. 2024ರ ಡಿಸೆಂಬರ್ 7ರ ಸುಮಾರಿಗೆ ಗುರು ಸೂರ್ಯನಿಗೆ ನೇರ ಎದುರಾಗಿ, ವೃಷಭ ರಾಶಿಯಲ್ಲಿ ರೋಹಿಣಿ ನಕ್ಷತ್ರದ ಹತ್ತಿರ ಇಡೀ ರಾತ್ರಿ ಕಾಣುತ್ತಾನೆ. ಅಂದು ಗೇಟಿನ ಬಳಿ ನಾನು ಕೂರುತ್ತೇನೆ, ಅದಕ್ಕೆಂದೇ ರಜೆ ಹಾಕಿ ಬರುತ್ತೇನೆ. ನಿಮ್ಮ ಕುರ್ಚಿಯನ್ನು ಮಧ್ಯಾಹ್ನವೇ ಮಹಡಿಗೆ ಸಾಗಿಸಲು ಹುಡುಗಿಯರಿಗೆ ಹೇಳಿದ್ದೇನೆ, ಅಟೆಂಡರ್ ಅಣ್ಣ ಕೀಲಿಕೈ ಕೊಡಲು ಒಪ್ಪಿದ್ದಾರೆ.