ಬಿದ್ದ ಮರಕ್ಕೂ ಒಂದು ಹೆಸರಿರುತ್ತದೆ

ಮಾನ್ಯ ಸಂಪಾದಕರೇ,

ಜೋರು ಗಾಳಿ ಮಳೆ ಬಂತೆಂದರೆ ಪೇಪರಿನಲ್ಲಿ ಒಂದು ಸುದ್ದಿ ತಪ್ಪದೆ ಇರುತ್ತದೆ. ‘ಬೃಹತ್ ಗಾತ್ರದ ಮರ ಧರೆಗುರುಳಿದೆ.’ ಕೆಳಗೆ ಸಿಕ್ಕಿಕೊಂಡ ಕಾರು ಯಾವ ಕಂಪನಿಯದು ಅಂತ ಬರೆದಿರುತ್ತೀರಿ, ಎಷ್ಟು ಹೊತ್ತಿಗೆ ಬಿತ್ತು, ಟ್ರಾಫಿಕ್ ಎಷ್ಟು ಹೊತ್ತು ನಿಂತಿತ್ತು, ಎಲ್ಲ ಇರುತ್ತದೆ. ಬಿದ್ದದ್ದು ಯಾವ ಮರ ಅಂತ ಮಾತ್ರ ಇರುವುದಿಲ್ಲ. ಬೃಹತ್ ಗಾತ್ರದ್ದು, ಅಷ್ಟೇ!

ನಾನು ಹಗ್ಗ ಕಟ್ಟಿಕೊಂಡು ಮರ ಹತ್ತಿ, ಒಣಗಿದ್ದು ಮುರಿದದ್ದು ತೆಗೆಯುವ ಕೆಲಸದವನು. ಆರ್ಬರಿಸ್ಟ್ ಅಂತಾರೆ. ಇದು ಧೈರ್ಯದ ಕೆಲಸ ಅಂತ ಜನ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಮುಗಿಯುವುದು ನೆಲದ ಮೇಲೆ ಕತ್ತೆತ್ತಿ ನಿಂತಾಗಲೇ, ಇದು ಯಾವ ಮರ ಅಂತ ಗೊತ್ತಾದಾಗಲೇ. ನುಗ್ಗೆ ಮರ ಹತ್ತಬೇಡ ಅಂತ ಮಕ್ಕಳಿಗೂ ಹೇಳ್ತೀವಿ, ಅಲ್ವಾ? ಉಳಿದ ಮರಗಳಿಗೂ ಅಂಥದ್ದೇ ಸ್ವಭಾವ ಇರುತ್ತದೆ. ಗುಲ್‌ಮೊಹರ್, ಸಿಲ್ವರ್ ಓಕ್ ಎರಡರ ಕೊಂಬೆಯೂ ಹೇಳದೆ ಕೇಳದೆ ಪಟ್ಟನೆ ಮುರಿಯುತ್ತವೆ. (ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್, ಅದು ಬೇರೆಯೇ ಕುಟುಂಬದ್ದು.) ನೀಲಗಿರಿ ಜಾತಿಯ ಕೆಲವು ಮರಗಳು ಎಲೆ ಅಲ್ಲಾಡದ ಬಿಸಿಲು ಮಧ್ಯಾಹ್ನದಲ್ಲೂ ಹಸಿ ಕೊಂಬೆ ಬೀಳಿಸುತ್ತವೆ. ಹುಣಸೆಯ ಬಿಗಿ ಎಂಥದ್ದು ಅಂತ, ಅದರ ಬರಲಿನಲ್ಲಿ ಏಟು ತಿಂದವರಿಗೆ ನಾನು ಹೇಳಬೇಕಾಗಿಲ್ಲ. ಗೇರಿನ ಕುಟುಂಬದಲ್ಲಿ ಕೆಲವು ಮರಗಳ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅದು ಗೊತ್ತಿಲ್ಲದೆ ಅರ್ಧ ತೋಳಿನ ಅಂಗಿ ಹಾಕಿಕೊಂಡು ಗರಗಸ ಇಟ್ಟರೆ ವಾರಗಟ್ಟಲೆ ತುರಿಸಿಕೊಳ್ಳುತ್ತಾ ಕೂರಬೇಕು.

ಈಗ ಫೋನಿನಲ್ಲಿ ಆ್ಯಪ್ ಇದೆ, ಎಲೆಯ ಫೋಟೊ ಹೊಡೆದರೆ ಹೆಸರು ಬರುತ್ತದೆ ಅಂತಾರೆ. ಬರುತ್ತದೆ, ಬೇಡ ಅನ್ನಲ್ಲ. ಆದರೆ ಫೋಟೊ ತೆಗೆಯುವುದು ಕೈಗೆ ಸಿಗುವ ಎಲೆಯದ್ದು, ಅಂದರೆ ಬುಡದಲ್ಲಿ ಚಿಗುರಿದ್ದು. ನೀಲಗಿರಿಯ ಎಳೆ ಚಿಗುರಲ್ಲಿ ಎಲೆಗಳು ಎದುರುಬದುರಾಗಿ, ಅಗಲವಾಗಿ ಇರುತ್ತವೆ. ಬೆಳೆದ ಕೊಂಬೆಯಲ್ಲಿ ಒಂದಾದ ಮೇಲೊಂದು, ಕುಡುಗೋಲಿನ ಹಾಗೆ ಉದ್ದಕ್ಕೆ ಇರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಮರದ್ದು ಅಂತ ಹೊಸಬರು ಒಪ್ಪುವುದೇ ಇಲ್ಲ. ಹಲಸಿನ ಎಳೆ ಗಿಡದ ಎಲೆಗೆ ಸೀಳುಗಳಿರುತ್ತವೆ, ದೊಡ್ಡ ಮರದ ಎಲೆಗೆ ಇರಲ್ಲ. ಅದಕ್ಕೇ ನಾನು ಎಲೆಯ ಆಕಾರ ಕೊನೆಗೆ ನೋಡುತ್ತೇನೆ. ಮೊದಲು ಜೋಡಣೆ. ಆಮೇಲೆ, ಇದು ಒಂದು ಎಲೆಯೋ ಅಥವಾ ಹಲವು ಕಿರುಎಲೆ ಸೇರಿದ ಒಂದೇ ಎಲೆಯೋ? ಇದಕ್ಕೆ ಸುಲಭದ ಗುಟ್ಟೊಂದಿದೆ: ನಿಜವಾದ ಎಲೆಯ ತೊಟ್ಟಿನ ಬುಡದಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಬೇವಿನ ಒಂದು ಕಡ್ಡಿ ಹಿಡಿದು ನೋಡಿ, ನಾವು ಎಲೆ ಎಲೆ ಅನ್ನುವುದೆಲ್ಲ ಕಿರುಎಲೆಗಳೇ. ಆಮೇಲೆ ಮುರಿದು ನೋಡುವುದು, ಹಾಲು ಬಂತಾ ಅಂತ. ಹಾಲು ಬಂದು, ಗೆಣ್ಣಿನ ಸುತ್ತ ಬಳೆ ಹಾಕಿದ ಹಾಗೆ ಗುರುತಿದ್ದರೆ ಆಲ, ಅರಳಿ, ಅತ್ತಿಯ ಕಡೆಯದ್ದಿರಬೇಕು. ಹಲಸಿಗೂ ಹಾಗೇ ಇರುತ್ತದೆ. ತೇಗದ ಎಳೆ ಎಲೆ ಉಜ್ಜಿದರೆ ಬೆರಳು ಕೆಂಪಾಗುತ್ತದೆ. ಎಲೆ ಉದುರಿದ ಕಾಲದಲ್ಲಿ ತೊಗಟೆ, ಮೊಗ್ಗು, ಕೆಳಗೆ ಬಿದ್ದ ಕಾಯಿ, ಇವೇ ದಿಕ್ಕು.

ಮುಜುಗರದ ಒಂದು ಕತೆ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಒಂದು ಮರ ನೋಡಿ, ತುದಿಯಲ್ಲಿ ದಪ್ಪ ದಪ್ಪ ಹಸಿರು ಎಲೆ ಇದೆ, ಗಟ್ಟಿ ಇದೆ ಅಂದುಕೊಂಡೆ. ಮರಳು ಚೀಲ ಕಟ್ಟಿದ ದಾರ ಎಸೆದು, ಅದರ ಹಿಂದೆ ಹಗ್ಗ ಎಳೆದುಕೊಂಡೆ. ಹತ್ತುವ ಮೊದಲು ಇಬ್ಬರು ಜೋತುಬಿದ್ದು ಹಗ್ಗ ಜಗ್ಗಿ ನೋಡಬೇಕು ಅಂತ ನಮ್ಮಲ್ಲಿ ನಿಯಮ. ಜಗ್ಗಿದೆವು. ಕೊಂಬೆ ಬಂದು ಕಾಲ ಪಕ್ಕಕ್ಕೇ ಬಿತ್ತು. ನೋಡಿದರೆ ಹಸಿರೆಲ್ಲ ಬಂದಳಿಕೆಯದು! ಅದು ಬೇರೂರಿದ ಜಾಗದಿಂದ ಆಚೆಗೆ ಕೊಂಬೆ ಸತ್ತು ಎಷ್ಟು ಕಾಲವಾಗಿತ್ತೋ. ನಾನು ಓದಿದ್ದು ಮರದ ಎಲೆಯನ್ನೇ ಅಲ್ಲ, ಅದರ ಮೇಲೆ ಕೂತಿದ್ದ ಬಾಡಿಗೆದಾರನ ಎಲೆಯನ್ನು. ನನ್ನ ಉಸ್ತಾದರು ಬೈಯಲಿಲ್ಲ. ಆ ಕೊಂಬೆಯನ್ನೇ ಕೈಗೆ ಕೊಟ್ಟು ಇದರ ಹೆಸರು ಹೇಳು ಅಂದರು. ಬೈದಿದ್ದರೇ ವಾಸಿ ಇತ್ತು.

ಹತ್ತುವ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ. ಮೇಲೆ ಹೋದಷ್ಟೂ ಅಪಾಯ ಜಾಸ್ತಿ ಅಂತ. ಎತ್ತರ ಎಷ್ಟಾದರೂ ಇರಲಿ, ಹಗ್ಗ ಕೂತಿರುವ ಕವಲು ಜೀವಂತ ಇದೆಯಾ, ದಪ್ಪ ಇದೆಯಾ ಅನ್ನುವುದೇ ಲೆಕ್ಕ. ಬೋರ್ನಿಯೋದ ಸಬಾ ಕಾಡಿನಲ್ಲಿ ಯೆಲ್ಲೋ ಮೆರಾಂಟಿ ಅನ್ನುವ ಮರವೊಂದರ ಎತ್ತರ 100.8 ಮೀಟರ್ ಅಂತ 2019ರಲ್ಲಿ ಖಚಿತವಾಯಿತಲ್ಲ, ಅದು ಒಬ್ಬರು ತುದಿಯವರೆಗೆ ಹತ್ತಿ ಟೇಪ್ ಇಳಿಬಿಟ್ಟು ಅಳೆದದ್ದು. ಅವರಿಗೂ ನನಗೂ ಬೇಕಾದದ್ದು ಅದೇ ಹಗ್ಗ, ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಅದೇ ಪಟ್ಟಿ, ಅಂದರೆ ಹಾರ್ನೆಸ್, ಅದೇ ನಂಬಿಕೆಯ ಕವಲು. ಗರಗಸ ಕೈಗೆತ್ತಿಕೊಂಡ ಮೇಲೆ ಒಂದಲ್ಲ, ಎರಡು ಕಡೆ ಕಟ್ಟಿಕೊಂಡಿರಬೇಕು, ಯಾಕೆಂದರೆ ಕೊಂಬೆ ಕೊಯ್ಯುವ ಹಲ್ಲು ಹಗ್ಗವನ್ನೂ ಕೊಯ್ಯುತ್ತದೆ. ಕೆಳಗೆ ಒಬ್ಬ ಇರಲೇಬೇಕು, ಅವನಿಗೂ ಹತ್ತಲು ಬರಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ ಸುಮ್ನೆ ನೇತಾಡುತ್ತಿದ್ದರೂ ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಅಪಾಯ. ಕರೆಂಟ್ ತಂತಿ, ಜೇನುಗೂಡು ಇವನ್ನು ಮೊದಲೇ ನೋಡಿಕೊಳ್ಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ಬೂಟಿಗೆ ಕಬ್ಬಿಣದ ಮೊಳೆ ಕಟ್ಟಿಕೊಂಡು ಎಲ್ಲ ಮರಕ್ಕೂ ಹತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಡಿಯಬೇಕಾದ ಮರಕ್ಕೆ ಸರಿ. ಉಳಿಯಬೇಕಾದ ಮರಕ್ಕೆ ಒಂದೊಂದು ಹೆಜ್ಜೆಯೂ ಗಾಯ, ಶಿಲೀಂಧ್ರಕ್ಕೆ ಬಾಗಿಲು. ತಾಳೆ, ತೆಂಗಿನಂಥ ಮರಗಳಲ್ಲಂತೂ ತೊಗಟೆಯ ಕೆಳಗೆ ಬೆಳೆಯುವ ಪದರವೇ ಇಲ್ಲ, ಆ ತೂತು ಕೊನೆವರೆಗೂ ತೂತೇ. ಇಲ್ಲೂ ನೋಡಿ, ಯಾವ ಮರ ಅನ್ನುವುದೇ ಮೊದಲು. ಅದಕ್ಕಿಂತ ಸಿಟ್ಟು ಬರುವುದು ‘ತುದಿ ಕಡಿದುಬಿಡಿ, ಬೀಳಲ್ಲ’ ಅನ್ನುವವರ ಮೇಲೆ. ತುದಿ ಕಡಿದರೆ ಕೊಳೆಯುವ ದಿಂಡಿನ ಸುತ್ತ ಹತ್ತಾರು ಚಿಗುರು ಎದ್ದು, ತೊಗಟೆಗಷ್ಟೇ ಅಂಟಿಕೊಂಡು ಉದ್ದವಾಗುತ್ತವೆ, ಮುಂದೆ ಅವೇ ಬೀಳುತ್ತವೆ. ಕೊಂಬೆ ತೆಗೆಯುವುದಾದರೆ ಬುಡದಲ್ಲಿ ಉಬ್ಬಿದ ಕೊರಳು ಇರುತ್ತದಲ್ಲ, ಅದನ್ನು ಬಿಟ್ಟು ಅದರಾಚೆಗೆ ಕೊಯ್ಯಬೇಕು. ಮರದ ಗಾಯ ನಮ್ಮ ಗಾಯದ ಹಾಗೆ ವಾಸಿಯಾಗುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ ಅಂತ ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರ ಸೀಳಿ ತೋರಿಸಿದ್ದರು. ಆ ಕೊರಳು ಉಳಿದರೆ ಗೋಡೆ ಬೇಗ ಏಳುತ್ತದೆ. ಟಾರ್ ಬಳಿಯುವುದರಿಂದ ಏನೂ ಪ್ರಯೋಜನವಿಲ್ಲ.

ಈಗ ನನ್ನ ಕೋರಿಕೆ. ಮುಂದಿನ ಸಲ ಮರ ಬಿದ್ದಾಗ ನಿಮ್ಮ ಫೋಟೊಗ್ರಾಫರಿಗೆ ಜಜ್ಜಿಹೋದ ಕಾರಿನ ಜೊತೆ ಇನ್ನೆರಡು ಫೋಟೊ ತೆಗೆಯಲು ಹೇಳಿ. ತುದಿಯ ಒಂದು ರೆಂಬೆ, ಹತ್ತಿರದಿಂದ, ಎಲೆಯ ಜೋಡಣೆ ಕಾಣುವ ಹಾಗೆ. ಮತ್ತೆ ಮುರಿದ ಜಾಗ ಅಥವಾ ಕಿತ್ತುಬಂದ ಬೇರು. ಬೇರು ಕೊಳೆತಿತ್ತೋ, ಯಾರಾದರೂ ಕೇಬಲ್ಲಿಗೆ ಅಗೆದು ಕಡಿದಿದ್ದರೋ, ಅದರಲ್ಲೇ ಕಾಣುತ್ತದೆ. ಹೆಸರು ನಿಮಗೆ ಗೊತ್ತಾಗದಿದ್ದರೆ ಹಾಗೇ ಅಚ್ಚು ಹಾಕಿ, ಮರುದಿನ ಓದುಗರು ಯಾರಾದರೂ ಬರೆಯುತ್ತಾರೆ. ನಾನಂತೂ ಬರೆಯುತ್ತೇನೆ.

ಇಂತಿ,
ಒಬ್ಬ ಮರ ಹತ್ತುವವನು