ದಪ್ಪ ರಟ್ಟೆಗೆ ಚಿಕ್ಕ ಪಟ್ಟಿ ಸುತ್ತಿ ಬಿ.ಪಿ. ನೋಡಬೇಡಿ

ಮಾನ್ಯ ಸಂಪಾದಕರೇ,

ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿ ಕಡೆ ನಮ್ಮ ಕನ್ನಡ ಸಂಘಗಳು ಭಾನುವಾರ ಉಚಿತ ಆರೋಗ್ಯ ಶಿಬಿರ ಇಟ್ಟಾಗ ಬಿ.ಪಿ. ಸಾಲು ಬಲು ಬೇಗ ಕರಗುತ್ತದೆ. ತೊಂದರೆ ಇರುವುದೇ ಅಲ್ಲಿ. ಒಂದು ಮಷಿನ್, ರಟ್ಟೆಗೆ ಸುತ್ತಿ ಗಾಳಿ ತುಂಬುವ ಒಂದು ಪಟ್ಟಿ (ಕಫ್). ಸಪೂರ ಕಾಲೇಜು ಹುಡುಗನಿಗೂ ನೂರು ಕೆ.ಜಿ. ದಾಟಿದವರಿಗೂ ಅದನ್ನೇ ಸುತ್ತಲಾಗುತ್ತದೆ.

ಪಟ್ಟಿಯೊಳಗಿನ ಗಾಳಿಚೀಲದ ಉದ್ದ ರಟ್ಟೆಯ ಸುತ್ತಳತೆಯ ಶೇ 80ರಷ್ಟಾದರೂ ಇರಬೇಕು. ಗಿಡ್ಡವಾದರೆ ಒತ್ತಡ ಒಳಗಿನ ರಕ್ತನಾಳಕ್ಕೆ ಸರಿಯಾಗಿ ತಲುಪುವುದಿಲ್ಲ; ನಾಳವನ್ನು ಅದುಮಲು ಮಷಿನ್ ಇನ್ನಷ್ಟು ಗಾಳಿ ತುಂಬುತ್ತದೆ, ಆ ಹೆಚ್ಚುವರಿಯೂ ರೋಗಿಯ ಲೆಕ್ಕಕ್ಕೇ ಬೀಳುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಮಾಮೂಲಿ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 19.5 ಹೆಚ್ಚು ಬಂತು. ಇದನ್ನು ನಂಬಿ ಮಾತ್ರೆ ಏರಿಸಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಭಯ. 'ದಪ್ಪಗಿದ್ದವರಿಗೆ ಹಾಗೇ ತೋರಿಸುತ್ತೆ ಬಿಡಿ' ಎನ್ನುವುದು ಅದಕ್ಕಿಂತ ಕೆಟ್ಟದ್ದು. ಬೊಜ್ಜು ಇದ್ದವರಿಗೆ ಬಿ.ಪಿ. ನಿಜಕ್ಕೂ ಏರುವ ಸಾಧ್ಯತೆಯೇ ಹೆಚ್ಚು.

ಟೈಲರ್ ಟೇಪು ಸಾಕು. ಭುಜದ ತುದಿಮೂಳೆಯಿಂದ ಮೊಣಕೈ ಮೂಳೆಯವರೆಗೆ ಅಳೆದು, ನಟ್ಟನಡುವೆ ಸುತ್ತಳತೆ ತೆಗೆಯಿರಿ. 27–34 ಸೆಂ.ಮೀ.ಗೆ ಮಾಮೂಲಿ, 35–44ಕ್ಕೆ ದೊಡ್ಡದು, 45ರ ಮೇಲೆ ಅತಿ ದೊಡ್ಡದು ಎಂಬುದು ಸ್ಥೂಲ ಲೆಕ್ಕ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಪಟ್ಟಿಯ ಮೇಲೆ ಅಚ್ಚಾದ ಅಳತೆಯನ್ನೇ ನೋಡಿ. ಮನೆ ಮಷಿನ್ ಜೊತೆ ಬರುವ ಪಟ್ಟಿ ಎಷ್ಟೋ ಸಲ 22–32ರದ್ದು. ಅಂಗಡಿಯಲ್ಲಿ 'ದೊಡ್ಡ ಕಫ್' ಎಂದು ಕೇಳಿ (ಎದೆಯ ಕಫ ಅಲ್ಲ!), ಅದೂ ನಿಮ್ಮ ಮಷಿನ್‌ನ ಕಂಪನಿಯದ್ದೇ.

ಕೆಲವರ ರಟ್ಟೆ ಮೇಲೆ ದಪ್ಪ, ಮೊಣಕೈ ಹತ್ತಿರ ಸಣ್ಣ. ಇಂಥಲ್ಲಿ ನೇರ ಪಟ್ಟಿ ಕೆಳಗಡೆ ಬಾಯಿ ಬಿಡುತ್ತದೆ. ಗಾಳಿ ಏರುತ್ತಿದ್ದಂತೆ ಮೊಣಕೈಗೆ ಜಾರಿ, ವೆಲ್ಕ್ರೋ ಚರ್ರನೆ ಬಿಚ್ಚಿ, ಪರದೆಯಲ್ಲಿ 'ಎರರ್' ಬರುತ್ತದೆ. ಶಂಕುವಿನಾಕಾರದ ಪಟ್ಟಿ ಹುಡುಕಿ. ಯಾವುದೂ ಹೊಂದದಿದ್ದರೆ ಮಾತ್ರ ಮಣಿಕಟ್ಟಿನ ಮಷಿನ್. ಆದರೆ ಮಣಿಕಟ್ಟು ಎದೆಯ ಮಟ್ಟದಲ್ಲೇ ಇರಬೇಕು, 10 ಸೆಂ.ಮೀ. ಕೆಳಗಿಳಿದರೆ ಅಂಕಿ ಏಳೆಂಟು ಏರುತ್ತದೆ.

ಬಿಗಿ ತೋಳಿನ ರವಿಕೆ, ಅಂಗಿಯನ್ನು ಮೇಲಕ್ಕೆ ಮಡಚಬೇಡಿ, ಮಡಿಕೆಯೇ ರಟ್ಟೆಯನ್ನು ಬಿಗಿಯುತ್ತದೆ, ಆ ತೋಳಿನಿಂದ ಕೈ ಹೊರಗೆ ತೆಗೆದುಬಿಡಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆಯಲಿ. ರೈಲ್ವೆ ಸೇತುವೆ ಹತ್ತಿಳಿದು ಬಂದವರನ್ನು ನೇರ ಕುರ್ಚಿಗೆ ಕೂರಿಸಿ ಗಾಳಿ ತುಂಬುವುದಂತೂ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕೈ ಮೇಜಿನ ಮೇಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಬೇಕು.

ಮನೆಯಲ್ಲಾದರೆ ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ನಿಮಿಷದ ಅಂತರದಲ್ಲಿ ಎರಡೆರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಮೇಲಿದ್ದರೆ ಬರೆದಿಟ್ಟ ಅಂಕಿಗಳ ಸಮೇತ ಡಾಕ್ಟರರಲ್ಲಿಗೆ ಹೋಗಿ. ಹೋಟೆಲಿನಲ್ಲಿ ರಾತ್ರಿಪಾಳಿ ಮಾಡುವವರಿಗೆ 'ಬೆಳಿಗ್ಗೆ' ಎಂದರೆ ನಿದ್ದೆ ಮುಗಿಸಿ ಎದ್ದ ಹೊತ್ತು. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಅದನ್ನೂ ಹೇಳಿ: ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ಮಾತ್ರೆಗೂ ಬಿ.ಪಿ. ಬಗ್ಗುವುದು ಕಷ್ಟ. ತೂಕ ಇಳಿಸುತ್ತಿರುವವರೂ ನೋಡಿಕೊಳ್ಳುತ್ತಿರಬೇಕು, ಹಳೆಯ ಡೋಸ್ ಜಾಸ್ತಿಯಾಗಬಹುದು.

ಸಂಘಗಳ ಪದಾಧಿಕಾರಿಗಳಲ್ಲಿ ವಿನಂತಿ: ಮುಂದಿನ ಶಿಬಿರಕ್ಕೆ ಹಾರ-ಶಾಲಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ದೊಡ್ಡ ಪಟ್ಟಿ, ಒಂದು ಟೇಪು ತನ್ನಿ. ಚೀಟಿಯಲ್ಲಿ ಬರೀ '150/94' ಎನ್ನದೆ ಪಕ್ಕದಲ್ಲಿ 'ಎಡಗೈ, ದೊಡ್ಡ ಪಟ್ಟಿ' ಎಂದೂ ಬರೆಸಿ.

– ಆರೋಗ್ಯ ಶಿಬಿರಗಳ ಸ್ವಯಂಸೇವಕ ದಾದಿಯರು, ಡೊಂಬಿವಲಿ